ಒಂದೇ ಸೂರು, ಎರಡು ಒಲಿ: ಮನಿ ಒಡದಂಗ ಆಗತೈತೇನು?

ರೊಟ್ಟಿಬುಟ್ಟಿ
ನಮಸ್ಕಾರ್ರೀ ಎಲ್ಲಾರಿಗೂ. ನಮ್ಮದು ರಾಣೆಬೆನ್ನೂರು ಕಡೆ. ಮನ್ಯಾಗ ಹನ್ನೊಂದು ಮಂದಿ. ಅಜ್ಜಿ (ನಮ್ಮನಿಯವರ ಅಜ್ಜಿ, 88 ವರ್ಷ), ಮಾವ, ಅತ್ತಿ, ಮದುವಿ ಆಗದ ಕಾಕಾ ಒಬ್ರು, ನಾವಿಬ್ರು, ನಮ್ಮ ಎರಡು ಮಕ್ಕಳು, ಮೈದುನ, ನೆಗೆಣ್ಣಿ, ಅವರ ಒಂಬತ್ತು ತಿಂಗಳ ಕೂಸು. ನಾಕು ತಲಿಮಾರು ಒಂದ ಪಡಸಾಲ್ಯಾಗ ಕೂತು ಉಣ್ತೀವಿ.

ಈಗ ಮೈದುನ ಮ್ಯಾಲಿನ ರೂಮಿನ ಬಾಜೂಕ ಸಣ್ಣದೊಂದು ಅಡಗಿ ಕಟ್ಟಿ ಮಾಡಿಸ್ತೀನಿ ಅಂತಾನ. ಸಿಂಕು, ಗ್ಯಾಸು, ಎಲ್ಲಾ. ಜೊತಿಗೆ ಬ್ಯಾರೆ ಮೀಟರ್. ಕಾರಣ ಏನಂದ್ರ, ಬ್ಯಾಸಿಗ್ಯಾಗ ನಮ್ಮ ಮೀಟರ್ 200 ಯೂನಿಟ್ ದಾಟತೈತಿ, ಗೃಹಜ್ಯೋತಿ ತಪ್ಪಿ ಪೂರ್ತಿ ಬಿಲ್ ಬೀಳತೈತಿ. ಎರಡು ಮೀಟರ್ ಆದ್ರ ಎರಡೂ ಫ್ರೀ ಅಂತ ಅವನ ಲೆಕ್ಕ.

ಅತ್ತಿ ಮೂರು ದಿನದಿಂದ ಸರಿಯಾಗಿ ಉಂಡಿಲ್ಲ. "ಒಲಿ ಎರಡಾದ್ರ ಮನಿ ಎರಡು" ಅಂತ ಒಂದ ಮಾತು. ಮಾವ ಪೇಪರ್ ಹಿಡಕೊಂಡು ಕೂತಾರ, ಅದ ಪುಟ ಎಷ್ಟು ಸಲ ಓದ್ತಾರೋ. ಒಂದ ಮನ್ಯಾಗ ಎರಡು ಅಡಗಿಮನಿ ಇಟ್ಟೋರು ಯಾರರ ಇದ್ರ ಹೇಳ್ರಿ. ಮನಿ ಉಳೀತೇನು?

ಚಾಮರಾಜಪೇಟೆ ಕಾಫಿ
ಉಳಿಯತ್ತೆ. ನಮ್ಮನೇಲಿ ಕೆಳಗೆ ಅಪ್ಪ ಅಮ್ಮ, ಮೇಲೆ ನಾವು. ಹನ್ನೆರಡು ವರ್ಷ ಆಯ್ತು. ಹುಳಿ ಪಾತ್ರೆ ಮೆಟ್ಟಿಲು ಹತ್ತಿ ಇಳೀತಾನೇ ಇರತ್ತೆ. ಯಾರ ಡಬ್ಬ ಯಾರ ಹತ್ರ ಇದೆ ಅನ್ನೋದೊಂದೇ ಜಗಳ.

ಕಬ್ಬಿನಗದ್ದೆ
ಎರಡು ಜಡೆ ಒಂದ್ಕಡೆ ಸೇರಲ್ಲ ಅಂತ ಹಿರೀಕ್ರು ಸುಮ್ನೆ ಹೇಳವ್ರಾ? ಇಷ್ಟ್ ದಿನ ನಡ್ದಿದ್ದೇ ಹೆಚ್ಚು ಬುಡಿ.

ಎರಡನೇ ಸೊಸೆ
ಶುರುವಾಯ್ತು. ಎರಡು ಮೀಸೆ ಸೇರದೆ ಎಷ್ಟು ಪಾಲಿನ ದಾವೆ ತಾಲ್ಲೂಕು ಕೋರ್ಟಲ್ಲಿ ಕೊಳೀತಿವೆ ಅಂತ ಒಂದು ಸಲ ಹೋಗಿ ನೋಡ್ಕೊಂಡು ಬನ್ನಿ ಗೌಡ್ರೇ. ಬದುಗಾಗಿ ಹೊಡೆದಾಡೋರಲ್ಲಿ ಜಡೆ ಇರೋರು ಎಷ್ಟು ಜನ?

ಕಬ್ಬಿನಗದ್ದೆ
ನಾನ್ ಗಾದೆ ಹೇಳ್ದೆ ಕಣವ್ವ, ನಿಮ್ಗೇ ಅಂತ ಹೇಳ್ಲಿಲ್ಲ. ನಮ್ಮನೇಲೂ ಬದಿನ ಕೇಸ್ ನಡೀತಾ ಅದೆ, ಒಪ್ಕತೀನಿ.

ಹಳೇ ಮೈಸೂರು ಮೇಷ್ಟ್ರು
ತಾಯಿ, ನಿಮ್ಮ ಅತ್ತೆಯವರ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಾನು 1991, 2001, 2011 ಮೂರು ಜನಗಣತಿಯಲ್ಲೂ ಮನೆ ಮನೆ ಸುತ್ತಿದವನು. ಗಣತಿಯಲ್ಲಿ 'ಮನೆ' ಬೇರೆ, 'ಕುಟುಂಬ' ಬೇರೆ. ಕುಟುಂಬ ಅಂದರೆ ಒಟ್ಟಿಗೆ ವಾಸವಿದ್ದು ಒಂದೇ ಅಡುಗೆಮನೆಯಿಂದ ಊಟ ಮಾಡುವವರು. ರಕ್ತಸಂಬಂಧವೇ ಇರಬೇಕೆಂದಿಲ್ಲ. ಒಂದೇ ಸೂರಿನಡಿ ಎರಡು ಒಲೆ ಉರಿದರೆ ನಾವು ಎರಡು ಕುಟುಂಬ ಅಂತಲೇ ಬರೆದುಕೊಳ್ಳುತ್ತಿದ್ದೆವು. ನಿಮ್ಮ ಅತ್ತೆ ಹೇಳುತ್ತಿರುವುದೂ ಅದನ್ನೇ. ಅವರು ಗಣತಿ ಕೈಪಿಡಿ ಓದಿಲ್ಲ, ಅಷ್ಟೆ.

ಒಂದು ಘಟನೆ. 2001ರಲ್ಲಿ ನಂಜನಗೂಡು ತಾಲ್ಲೂಕಿನ ಒಂದು ತೊಟ್ಟಿ ಮನೆ. ಮಧ್ಯದ ತೊಟ್ಟಿ ಒಂದೇ, ಸುತ್ತ ನಾಲ್ಕು ಅಣ್ಣತಮ್ಮಂದಿರು. ಎಷ್ಟು ಒಲೆ ಅಂತ ಕೇಳಿದೆ. ಹಿರಿಯ ಒಂದೇ ಅಂದರು. ಹಿಂದಿನಿಂದ ಒಬ್ಬ ಹೆಣ್ಣುಮಗಳು ಬಾಗಿಲ ಸಂದಿಯಲ್ಲಿ ನಿಂತು ನನಗೆ ಮೂರು ಬೆರಳು ತೋರಿಸಿದಳು. ನಾನು ಪೆನ್ನು ಹಿಡಿದುಕೊಂಡು ಸುಮ್ಮನೆ ಕೂತೆ. ಯಾರ ಮಾತು ಬರೆಯಲಿ ಹೇಳಿ.

ಚಾಮರಾಜಪೇಟೆ ಕಾಫಿ
ಏನು ಬರೆದ್ರಿ ಮೇಷ್ಟ್ರೇ?

ಹಳೇ ಮೈಸೂರು ಮೇಷ್ಟ್ರು
ಮೂರು. ಹಿರಿಯರು ಕಾಫಿ ಕೊಡದೆ ಕಳಿಸಿದರು.

ಮೀಟರ್ ಬೋರ್ಡು
ಮೊದಲು ಆ ಕರೆಂಟಿನ ಲೆಕ್ಕ ಸರಿಮಾಡಿಕೊಳ್ಳಿ ಅಕ್ಕಾ. ಎಲ್ಲರೂ ಇದೇ ತಪ್ಪು ಮಾಡ್ತಾರೆ. ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಫ್ರೀ ಅಲ್ಲ. 2022-23ರಲ್ಲಿ ನೀವು ಬಳಸಿದ ಸರಾಸರಿ, ಅದರ ಮೇಲೆ ಶೇ 10. ಅಷ್ಟೇ ಫ್ರೀ. ಅದಕ್ಕಿಂತ ಹೆಚ್ಚಾದರೆ ಹೆಚ್ಚಿಗೆ ಬಳಸಿದ್ದಕ್ಕೆ ಬಿಲ್. 200 ದಾಟಿದರೆ ಪೂರ್ತಿ ಬಿಲ್.

ಹೊಸ ಮೀಟರಿಗೆ ಹಳೇ ಸರಾಸರಿ ಎಲ್ಲಿಂದ ಬರಬೇಕು? ಅದಕ್ಕೆ ರಾಜ್ಯದ ಸರಾಸರಿ 53 ಅಂತ ಹಿಡಿದು, ಶೇ 10 ಸೇರಿಸಿ 58 ಯೂನಿಟ್ ಅಂತ 2023ರಲ್ಲೇ ಮಾಡಿದ್ದು. ನಿಮ್ಮ ಮೈದುನ ಮೇಲೆ ಫ್ರಿಜ್, ಗೀಸರ್ ಇಟ್ಟರೆ 58 ಹತ್ತು ದಿನಕ್ಕೂ ಸಾಲಲ್ಲ. ಆದರೆ ಕೆಳಗಿನ ಮೀಟರು 200ರ ಒಳಗೆ ಬಂದರೆ ಅಲ್ಲಿ ಲಾಭ ಇದೆ. ಲಾಭ ಇಲ್ಲ ಅಂತಲ್ಲ, 'ಎರಡೂ ಫ್ರೀ' ಅನ್ನೋದು ಮಾತ್ರ ಸುಳ್ಳು.

ಇನ್ನೊಂದು, ಮೀಟರ್ ಯಾರ ಹೆಸರಲ್ಲಿದೆ?

ರೊಟ್ಟಿಬುಟ್ಟಿ
ಅಜ್ಜಾರ ಹೆಸರ್ಲೇ ಐತ್ರೀ. ಅವರು ತೀರಿಕೊಂಡು ಹದಿನಾರು ವರ್ಷ ಆತು.

ಮೀಟರ್ ಬೋರ್ಡು
ಹಾಗಾದ್ರೆ ಒಲೆ ಆಮೇಲೆ, ಮೊದಲು ಪೌತಿ ಖಾತೆ, ಅಂದ್ರೆ ತೀರಿಕೊಂಡವರ ಹೆಸರಲ್ಲಿರೋ ಮನೆಯನ್ನ ವಾರಸುದಾರರ ಹೆಸರಿಗೆ ಮಾಡಿಸೋದು.

ಎರಡನೇ ಸೊಸೆ
ಗೃಹಲಕ್ಷ್ಮಿ ಯಾರಿಗೆ ಬರ್ತಿದೆ ನಿಮ್ಮನೇಲಿ? ನಮ್ಮಲ್ಲಿ ಒಲೆ ಒಡೆದಿದ್ದು ಅಲ್ಲಿಂದ. ಒಂದು ರೇಷನ್ ಕಾರ್ಡಿಗೆ ಒಬ್ಬರೇ ಯಜಮಾನಿ, ಒಬ್ಬರಿಗೇ ಎರಡು ಸಾವಿರ. ಕಾರ್ಡಲ್ಲಿ ಅತ್ತೆ ಹೆಸರು. ಮನೇಲಿ ಸೊಸೆಯಂದಿರು ಮೂರು ಜನ. ಒಂದು ದಿನ ಊಟದ ಹೊತ್ತಿಗೆ ನಮ್ಮ ದೊಡ್ಡ ಓರಗಿತ್ತಿ "ನಾನೂ ಈ ಮನೆ ಯಜಮಾನಿ ಆಗೋದು ಯಾವಾಗ" ಅಂತ ನಗುನಗುತ್ತಾನೇ ಕೇಳಿದ್ರು. ಯಾರೂ ನಗಲಿಲ್ಲ.

ಅಪ್ಪಟ ಬಯಲುಸೀಮೆ
ಇದಕ್ಕೇ ನಾನು ಹೇಳೋದು ಈ ಭಾಗ್ಯಗಳಿಂದ ಮನೆ ಹಾಳು ಅಂತ.

ಎರಡನೇ ಸೊಸೆ
ಎರಡು ಸಾವಿರಕ್ಕೆ ಒಡೆಯೋ ಮನೆ ಅದಕ್ಕೆ ಮುಂಚೆನೇ ಬಿರುಕು ಬಿಟ್ಟಿತ್ತು ಸ್ವಾಮಿ. ನಾನು ಹೇಳೋದು, 26 ವರ್ಷ ಅಡುಗೆ ಮಾಡಿದೋರಿಗೆ ಮನೆಯಲ್ಲಿ ಹೆಸರೇ ಇಲ್ಲ ಅಂತ ಗೊತ್ತಾಗಿದ್ದು ಆ ಕಾರ್ಡ್ ನೋಡಿದಾಗ.

ಅಪ್ಪಟ ಬಯಲುಸೀಮೆ
ಧಾರವಾಡ ತಾಲ್ಲೂಕಿನ ಲೋಕೂರಲ್ಲಿ ನೂರಕ್ಕೂ ಹೆಚ್ಚು ಜನ ಇರೋ ಕುಟುಂಬದ ಬಗ್ಗೆ ಪೇಪರಲ್ಲಿ ಎಷ್ಟು ಸಲ ಬಂದಿದೆ. ಅವರಿಗೆ ಆಗೋದು ಹನ್ನೊಂದು ಜನಕ್ಕೆ ಆಗಲ್ವಾ? ಮನಸ್ಸು ಬೇಕು. ನಮ್ಮ ಅಜ್ಜಿ ಹದಿನೆಂಟು ಜನಕ್ಕೆ ಒಬ್ಬರೇ ಬೇಯಿಸಿ ಹಾಕ್ತಿದ್ರು, ಒಂದು ದಿನ ಬೇಜಾರು ಅಂದಿದ್ದು ನಾನು ಕೇಳಿಲ್ಲ.

ಅಡಿಕೆ ಚೊಗರು
ನೀವು ಕೇಳಿದ್ರಾ?

ಅಪ್ಪಟ ಬಯಲುಸೀಮೆ
ಏನು?

ಅಡಿಕೆ ಚೊಗರು
ಅಜ್ಜಿ, ಬೇಜಾರಾ ಅಂತ.

ಗುತ್ತಿನ ಅಂಗಳ
ಹಹ್ಹಾ, ಇದು ಒಳ್ಳೆ ಪೆಟ್ಟು ಮಾರಾಯ್ರೆ.

ನಮ್ಮ ಬಂಟ್ವಾಳ ಕಡೆ ಕತೆಯೇ ಬೇರೆ. ಅಳಿಯಸಂತಾನದಲ್ಲಿ ಹೆಣ್ಣುಮಕ್ಕಳು ಹುಟ್ಟಿದ ಮನೆಯವರೇ, ಕುಟುಂಬ ಬೆಳೆಯುವುದೂ ಅವರ ಬಳ್ಳಿಯಿಂದಲೇ. ನನ್ನ ಅಜ್ಜಿ ಮದುವೆಯಾದ ಮೇಲೂ ತನ್ನ ತಾಯಿಮನೆಯಲ್ಲೇ ಇದ್ದದ್ದು, ಅಜ್ಜ ಬಂದು ಹೋಗುವುದು. ಅತ್ತೆ ಸೊಸೆ ಜಗಳ ಇಲ್ಲ. ಹಾಗಂತ ಜಗಳವೇ ಇಲ್ಲ ಅಂತಲ್ಲ, ಅಕ್ಕ ತಂಗಿಯರದ್ದು ಉಂಟು, ಮಾವ ಅಳಿಯಂದಿರದ್ದು ಉಂಟು. 1949ರಲ್ಲಿ ಮದ್ರಾಸ್ ಸರ್ಕಾರದ ಕಾನೂನು ಬಂತು, ಕವರು ಕವರಾಗಿ (ಕವರು ಅಂದರೆ ತಾಯಿಬಳ್ಳಿಯ ಒಂದು ಕವಲು) ಪಾಲು ಕೇಳಬಹುದು ಅಂತ ಆಯಿತು. ಎಪ್ಪತ್ತರ ದಶಕದಲ್ಲಿ ಭೂಸುಧಾರಣೆ ಬಂದು ಗೇಣಿ ಭೂಮಿ ಒಕ್ಕಲುಗಳ ಕೈಗೆ ಹೋಯಿತು, ಅದು ಸರಿಯೇ. ಕುಟುಂಬದ ಮನೆಗೆ ಅಕ್ಕಿ ಬರುವುದು ನಿಂತಿತು. ಅಕ್ಕಿ ಬಾರದ ಮೇಲೆ ನಲವತ್ತು ಜನ ಒಂದೇ ಕಡೆ ಉಣ್ಣುವುದು ಹೇಗೆ? ಮುಂಬೈಗೆ ಬಸ್ಸು ಹತ್ತಿದರು. ಈಗ ವರ್ಷಕ್ಕೊಮ್ಮೆ ದೈವದ ನೇಮಕ್ಕೆ ಎಲ್ಲ ಬರುತ್ತಾರೆ, ಮರುದಿನ ಬೀಗ.

ಹಾಗಾಗಿ ಈ 'ಮನಸ್ಸು ಬೇಕು' ಅನ್ನುವುದನ್ನು ನಾನು ನಂಬುವುದಿಲ್ಲ. ಮೊದಲು ಅಕ್ಕಿ ಬೇಕು.

ಕಿತ್ತಳೆ ತೋಟ
ಕೊಡಗಿನ ಐನ್‌ಮನೆಗಳೂ (ಕೊಡವ ಮನೆತನದ ಮೂಲಮನೆ) ಹೆಚ್ಚುಕಡಿಮೆ ಹಾಗೇ. ದಿನಾ ಯಾರೂ ಇರಲ್ಲ, ಇಲ್ಲಾ ಒಬ್ಬ ವಯಸ್ಸಾದ ಚಿಕ್ಕಪ್ಪ. ಆದರೆ ಪುತ್ತರಿ ಸುಗ್ಗಿ ಹಬ್ಬಕ್ಕೆ, ಕಾರಣಂಗೆ ಕೊಡುವಾಗ (ಹಿರಿಯರಿಗೆ ಎಡೆ ಇಡುವಾಗ) ನೆಲ್ಲಕ್ಕಿ ನಡುಬಾಡೆಯಲ್ಲಿ, ಅಂದ್ರೆ ನಡುಮನೆಯಲ್ಲಿ, ಕಾಲಿಡೋಕೆ ಜಾಗ ಇರಲ್ಲ. ಹಾಕಿ ಹಬ್ಬ ನೋಡಿದೀರಲ್ಲ? 1997ರಲ್ಲಿ ಕರಡದಲ್ಲಿ ಶುರುವಾಗಿದ್ದು. 2024ರಲ್ಲಿ ನಾಪೋಕ್ಲಿನಲ್ಲಿ 360 ಕುಟುಂಬದ ತಂಡ ಬಂತು. ತಂಡಕ್ಕೆ ಮನೆಹೆಸರೇ ಹೆಸರು. ಒಟ್ಟಿಗೆ ಉಣ್ಣದಿದ್ರೂ ಒಟ್ಟಿಗೆ ಆಡ್ತೀವಿ.

ಚಾಮರಾಜಪೇಟೆ ಕಾಫಿ
ರೊಟ್ಟಿಬುಟ್ಟಿಯವರ ಮನೇಲೂ ಹನ್ನೊಂದು ಜನ, ಹಾಕಿ ತಂಡ ಸರಿಹೋಯ್ತು. ಅಜ್ಜಿ ಗೋಲ್‌ಕೀಪರ್.

ರೊಟ್ಟಿಬುಟ್ಟಿ
ಅಜ್ಜಿ ಗೋಲ್ ಬಿಡಂಗಿಲ್ರೀ, ಕೋಲು ಐತಿ 😄

ಅಡಿಕೆ ಚೊಗರು
ಶಿರಸಿ ಸೀಮೆಯ ಹಿಸೆಯ ಕತೆ ಕೇಳಿ. ನಮ್ಮ ಅಪ್ಪ, ದೊಡ್ಡಪ್ಪ ಬೇರೆಯಾಗಿದ್ದು ನಾನು ಆರನೇ ಕ್ಲಾಸಿದ್ದಾಗ. ಉದ್ದ ಮನೆ, ಒಂದೇ ಮಾಡು, ಮಧ್ಯ ಗೋಡೆ ಎಬ್ಬಿಸಿದರು. ಗೋಡೆ ಹಿತ್ತಲಿಗೆ ಬಂದರೆ ಅಲ್ಲಿ ಸರಿಯಾಗಿ ಬಾವಿ. ಏನು ಮಾಡುವುದು? ಬಾವಿಯ ಕಟ್ಟೆಯ ಮೇಲೇ ಗೋಡೆ ಕಟ್ಟಿ, ಆಚೆಗೊಂದು ಈಚೆಗೊಂದು ಗಡಗಡೆ ಹಾಕಿದರು. ಆಯಿ ಈಚೆಯಿಂದ ಕೊಡಪಾನ ಬಿಟ್ಟರೆ ದೊಡ್ಡಾಯಿ ಆಚೆಯಿಂದ ಬಿಡುವುದು. ಒಳಗೆ ನೀರಲ್ಲಿ ಎರಡು ಕೊಡಪಾನ ಢಣ್ ಅಂತ ತಾಗಿದಾಗ ಇಬ್ಬರೂ ಹಗ್ಗ ಹಿಡಿದು ನಿಲ್ಲುತ್ತಿದ್ದರು, ಮೊದಲು ಯಾರು ಎಳೆಯಬೇಕು ಅಂತ. ಮಾತಿಲ್ಲ. ಆರೇಳು ತಿಂಗಳು ಹೀಗೇ. ಆಮೇಲೊಂದು ದಿನ ದೊಡ್ಡಾಯಿ ಆಚೆಯಿಂದ "ನೀ ಎಳ್ಕಳೇ" ಅಂದಳು. ಅಲ್ಲಿಂದ ಮಾತು ಶುರುವಾಯಿತು, ಮಜ್ಜಿಗೆ ಹುಳಿಯೂ ಗೋಡೆ ದಾಟಿತು.

ಗಂಡಸರಿಬ್ಬರು ಇವತ್ತಿಗೂ ಮಾತಾಡುವುದಿಲ್ಲ. ಈಗ ಬಾವಿಗೆ ಪಂಪ್ ಇದೆ, ಅದರ ಕರೆಂಟ್ ಬಿಲ್ಲಿನ ಮೇಲೆ ಹೊಸ ಜಗಳ.

ಕಾನೂನು ಗುಮಾಸ್ತ
ಒಂದೆರಡು ವಿಷಯ ಸ್ಪಷ್ಟ ಮಾಡಿಬಿಡ್ತೀನಿ, ಮೂವತ್ತು ವರ್ಷ ಪಾಲುಪಟ್ಟಿ ಬರೆದ ಕೈ.

ಒಲೆ ಬೇರೆಯಾದ ಮಾತ್ರಕ್ಕೆ ಕಾನೂನಿನ ಕಣ್ಣಲ್ಲಿ ಅವಿಭಕ್ತ ಕುಟುಂಬ ವಿಭಾಗ ಆಗಲ್ಲ. ಬೇರೆ ಉಂಡರು, ಬೇರೆ ಮಲಗಿದರು ಅನ್ನೋದು ಒಂದು ಸಾಕ್ಷಿ ಅಷ್ಟೇ, ಅದೊಂದರಿಂದಲೇ ಪಾಲು ಆಗಿದೆ ಅಂತ ಸಾಬೀತಾಗಲ್ಲ. ಬೇರೆಯಾಗ್ತೀನಿ ಅನ್ನೋ ಉದ್ದೇಶ ಸ್ಪಷ್ಟವಾಗಿ ಕಾಣಬೇಕು. ಹಾಗಾಗಿ ಮೇಷ್ಟ್ರ ಗಣತಿ ಬೇರೆ, ಕೋರ್ಟ್ ಬೇರೆ. ನಿಮ್ಮ ಅತ್ತೆಗೆ ಇದನ್ನ ಹೇಳಿ, ಸಮಾಧಾನ ಆಗಬಹುದು.

ಎರಡನೇದು, ಪೌತಿ ಖಾತೆ. ಅಜ್ಜ ವಿಲ್ ಬರೆದಿಟ್ಟಿಲ್ಲ ಅಂದರೆ ಅಜ್ಜಿಗೂ ಪಾಲಿದೆ, ನಿಮ್ಮ ಮಾವನ ಅಕ್ಕತಂಗಿಯರಿಗೂ ಇದೆ. ಮನೆ ಅಜ್ಜನ ಸ್ವಯಾರ್ಜಿತವಾದರೂ ಅಷ್ಟೇ, ಪಿತ್ರಾರ್ಜಿತವಾದರೂ ಅಷ್ಟೇ. ಮೇಲೆ ಗೋಡೆ ಎಬ್ಬಿಸೋಕೆ ಮುಂಚೆ ಅವರ ಕಿವಿಗೆ ಹಾಕಿ.

ಕಬ್ಬಿನಗದ್ದೆ
ಮದ್ವೆ ಆಗೋದ ಹೆಣ್ಮಕ್ಕಳ್ಗೆ ಎಲ್ಲಿ ಬತ್ತದೆ? 94ಕ್ಕೆ ಮುಂಚೆ ಮದ್ವೆ ಆಗಿದ್ರೆ ಇಲ್ಲ ಅಂತ ನಮ್ಮ ಲಾಯರ್ ಹೇಳವ್ರೆ.

ಕಾನೂನು ಗುಮಾಸ್ತ
ಅದು ಕರ್ನಾಟಕದ 1994ರ ತಿದ್ದುಪಡಿ. ಅದರಲ್ಲಿ ಆ ಷರತ್ತು ಇತ್ತು, ನಿಜ. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಬಂತು, ಮದುವೆಯ ಷರತ್ತು ಹೋಯ್ತು. ಆ ದಿನ ಅಪ್ಪ ಬದುಕಿರಲೇಬೇಕು ಅಂತಲೂ ಇಲ್ಲ ಅಂತ 2020ರ ಆಗಸ್ಟಲ್ಲಿ ಸುಪ್ರೀಂ ಕೋರ್ಟು ಹೇಳಿಬಿಡ್ತು. 2004ರ ಡಿಸೆಂಬರ್ 20ಕ್ಕಿಂತ ಮುಂಚೆಯೇ ರಿಜಿಸ್ಟರ್ ಪಾಲುಪಟ್ಟಿ ಅಥವಾ ಡಿಕ್ರಿ ಆಗಿದ್ದರೆ ಅದನ್ನ ಕೆದಕೋ ಹಾಗಿಲ್ಲ. ಇನ್ನೊಂದು ಸಲ ಕೇಳಿ ನಿಮ್ಮ ಲಾಯರನ್ನ.

ಕಬ್ಬಿನಗದ್ದೆ
ಇದ್ನ ನಮ್ಮಕ್ಕಂಗೆ ಯಾರೂ ಹೇಳ್ಬೇಡಿ.

ಎರಡನೇ ಸೊಸೆ
ಅಕ್ಕ ಇದನ್ನ ಓದ್ತಿರಬಹುದು ಗೌಡ್ರೇ 😂

ಸಿಂಗಪುರದ ಸಾರು
ಇಲ್ಲಿ ನಮ್ಮ ಮನೆಯಲ್ಲಿ ಮೂರು ತಲೆಮಾರು ಇರೋದು ಅಪ್ಪ ಅಮ್ಮ ಬಂದಾಗ ಮಾತ್ರ. ಆದರೆ ಒಂದು ತಮಾಷೆ ನೋಡಿ, ಇಲ್ಲಿನ ನಾಗರಿಕರು ಅಪ್ಪ ಅಮ್ಮನ ಜೊತೆ ಇರೋಕೆ ಹಳೇ ಸರ್ಕಾರಿ ಫ್ಲ್ಯಾಟ್ ಕೊಂಡರೆ ಸರ್ಕಾರವೇ 30,000 ಡಾಲರ್ ಕೊಡುತ್ತೆ. ಜೊತೆಗಲ್ಲ, 4 ಕಿಲೋಮೀಟರ್ ಒಳಗೆ ಕೊಂಡರೆ 20,000. ನನ್ನ ಚೀನೀ ಸಹೋದ್ಯೋಗಿ ಹೆಂಡತಿಯನ್ನ ಕೇಳಿದನಂತೆ, ಅಮ್ಮನ ಜೊತೆ ಇರೋಣವಾ ಅಂತ. ಅವಳು "ಹತ್ತು ಸಾವಿರ ನಾನೇ ಕೊಡ್ತೀನಿ, 4 ಕಿಲೋಮೀಟರ್ ಸಾಕು" ಅಂದಳಂತೆ.

ಜಾನಕಿ 67
ನಾನು ಅತ್ತೆ ಕಡೆಯವಳು. ಮೊಮ್ಮಗಳು ಫೋನಿನಲ್ಲಿ ಕನ್ನಡ ಹಾಕಿ ಕೊಟ್ಟಿದಾಳೆ, ತಪ್ಪಿದ್ದರೆ ಕ್ಷಮಿಸಿ.

ನನ್ನ ಮಗ ಇದೇ ಕೇಳಿದಾಗ ನಾನೂ ಎರಡು ದಿನ ಊಟ ಬಿಟ್ಟೆ. ಕೋಪಕ್ಕಲ್ಲ. ನಮ್ಮವರು ಹೋದ ಮೇಲೆ ನನಗೆ ಆ ಮನೆಯಲ್ಲಿ ಇದ್ದ ಕೆಲಸ ಅಂದರೆ ಅಡುಗೆಮನೆ ಒಂದೇ. ಯಾರಿಗೆ ಉಪ್ಪು ಕಡಿಮೆ, ಯಾರಿಗೆ ಬೆಲ್ಲ ಬೇಕು, ಅದು ನನ್ನ ತಲೆಯಲ್ಲಿತ್ತು. ಮೇಲೆ ಒಲೆ ಹಚ್ಚಿದರೆ ನನ್ನನ್ನು ಕೇಳುವವರು ಯಾರು ಅಂತ ಅನ್ನಿಸಿತು. ಇನ್ನೊಂದು ಭಯ, ರಾತ್ರಿ ಬಚ್ಚಲಲ್ಲಿ ಜಾರಿ ಬಿದ್ದರೆ ಮೇಲಿನವರಿಗೆ ಕೇಳಿಸುತ್ತದಾ ಅಂತ. ಇದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ, 'ಮನೆತನ' ಅಂದೆ. ನಿಮ್ಮ ಅತ್ತೆಯನ್ನು ಒಮ್ಮೆ ಒಬ್ಬರೇ ಇದ್ದಾಗ ಕೇಳು ಮಗಳೇ.

ರೊಟ್ಟಿಬುಟ್ಟಿ
ಅಮ್ಮಾರ, ನಿಮ್ಮ ಮಾತು ಓದಿ ಅಳು ಬಂತು. ಕೇಳ್ತೀನಿ.

ಎರಡನೇ ಸೊಸೆ
ಎಲ್ಲಾ ಸರಿ. ಆದರೆ ರೊಟ್ಟಿಬುಟ್ಟಿ ಅಕ್ಕಾ, ಒಂದು ಕೇಳ್ತೀನಿ, ಸಿಟ್ಟು ಮಾಡ್ಕೋಬೇಡಿ. ಮೈದುನನ ಮಾತು ಹೇಳಿದ್ರಿ, ಅತ್ತೆ, ಮಾವ, ಅಜ್ಜಿ ಎಲ್ಲರದ್ದೂ ಬಂತು. ನಿಮ್ಮ ನೆಗೆಣ್ಣಿ ಏನು ಹೇಳ್ತಾರೆ? ನೀವೇನು ಹೇಳ್ತೀರಿ? ಅಡುಗೆ ಮಾಡೋರು ಇಬ್ಬರೂ ಈ ಮಾತಲ್ಲೇ ಇಲ್ವಲ್ಲ.

ಚಾಮರಾಜಪೇಟೆ ಕಾಫಿ
ಹೌದಲ್ಲಾ.

ರೊಟ್ಟಿಬುಟ್ಟಿ
ಎರಡು ದಿನ ಉತ್ತರ ಬರೀಲಿಲ್ಲ, ಕ್ಷಮಿಸ್ರಿ.

ಖರೇ ಹೇಳಬೇಕಂದ್ರ ಹೊಟ್ಟಿಕಿಚ್ಚು ನನಗ ಐತ್ರೀ. ನೆಗೆಣ್ಣಿ ಮನ್ಯಾಗ ಕೂತು ಕಂಪ್ಯೂಟರ್ ಕೆಲಸ ಮಾಡ್ತಾಳ. ರಾತ್ರಿ ಒಂಬತ್ತೂವರಿ ತನಕ ಫೋನು ಮೀಟಿಂಗು. ನಾವು ಎಂಟಕ್ಕ ಉಂಡು ಏಳ್ತೀವಿ. ಅಕಿ ಕೆಳಗ ಬಂದಾಗ ಪಲ್ಯ ಆರಿರತೈತಿ, ಬುಟ್ಟ್ಯಾಗ ಎರಡು ರೊಟ್ಟಿ. ಕೂಸಿಗೆ ರಾತ್ರಿ ಹಾಲು ಕಾಸಾಕ ಮೆಟ್ಲ ಇಳೀಬೇಕು, ಪಡಸಾಲ್ಯಾಗ ಕಾಕಾ, ಮಾವ ಮಲಗಿರ್ತಾರ, ಅವರನ್ನ ದಾಟಿ ಅಡಗಿಮನಿಗೆ ಹೋಗಬೇಕು. ಅಕಿಗೆ ಬೇಕಾಗಿದ್ದು ಹಾಲು ಕಾಸಾಕ ಒಂದು ಒಲಿ. ಮೀಟರ್ ಗೀಟರ್ ಎಲ್ಲಾ ಮೈದುನ ಜೋಡಿಸಿದ್ದು, ಹೆಂಡ್ತಿ ಸಲುವಾಗಿ ಅನ್ನಾಕ ನಾಚಿಕಿ ಅವಗ.

ನನ್ನ ಸಂಕಟ ಅಂದ್ರ ರೊಟ್ಟಿ. ಹೊತ್ತಿಗೆ ಇಪ್ಪತ್ತೈದು. ನಾ ಬಡೀತೀನಿ, ಅಕಿ ಬೇಯಸ್ತಾಳ. ಅಕಿ ಮ್ಯಾಲ ಹೋದ್ರ ಬಡಿಯೋದೂ ನಾನ, ಬೇಯಿಸೋದೂ ನಾನ. ಅತ್ತಿಗೆ ಮಣಕಾಲು ಬ್ಯಾನಿ, ಒಲಿ ಮುಂದ ಕೂಡಾಕ ಆಗೂದಿಲ್ಲ. ಅದಕ್ಕ ನಾನೂ ಒಳಗೊಳಗ ಅತ್ತಿ ಪಕ್ಷ ಆಗಿದ್ದೆ. ಸಂಸ್ಕೃತಿ ಪಂಸ್ಕೃತಿ ಏನಲ್ರೀ.

ಗುತ್ತಿನ ಅಂಗಳ
ಅಕ್ಕಾ, ಇಡೀ ಚರ್ಚೆಯಲ್ಲಿ ಇದೊಂದು ಸತ್ಯ.

ಅಪ್ಪಟ ಬಯಲುಸೀಮೆ
ಗಂಡಸರು ರೊಟ್ಟಿ ಬಡೀಬೇಕು ಅಂತೀರಾ ಈಗ?

ಅಡಿಕೆ ಚೊಗರು
ಯಾರೂ ಅನ್ನಲಿಲ್ಲ. ನಿಮಗೇ ಹೊಳೀತು ನೋಡಿ.

ಹಳೇ ಮೈಸೂರು ಮೇಷ್ಟ್ರು
2025ರ ಸೆಪ್ಟೆಂಬರಿನಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗೆ ಬಂದವರು ನಮ್ಮ ಮನೆಯಲ್ಲಿ ಅರವತ್ತು ಪ್ರಶ್ನೆ ಕೇಳಿದರು. ಅದಕ್ಕೂ ಮೊದಲು ಮೀಟರ್ ನೋಡುವವರು ಬಂದು ಬಾಗಿಲಿಗೆ ಚೀಟಿ ಅಂಟಿಸಿ ಹೋಗಿದ್ದರು. ರೊಟ್ಟಿ ಯಾರು ಬಡಿಯುತ್ತಾರೆ ಅಂತ ಆ ಅರವತ್ತರಲ್ಲಿ ಇರಲಿಲ್ಲ. ನಾನು ಮೂರು ಗಣತಿಯಲ್ಲಿ ಒಲೆ ಎಷ್ಟು ಅಂತ ಕೇಳಿದವನು, ನಾನೂ ಅದನ್ನು ಕೇಳಲಿಲ್ಲ.

ಕಿತ್ತಳೆ ತೋಟ
ರೊಟ್ಟಿ ಮಾಡಿ ಕೊಡೋರು ನಿಮ್ಮ ಕಡೆ ತುಂಬಾ ಇದ್ದಾರಲ್ವಾ? ಹುಬ್ಬಳ್ಳಿಯಲ್ಲಿ ಓದುವಾಗ ನಾವು ಕಟ್ಟುಗಟ್ಟಲೆ ತರ್ತಿದ್ವಿ.

ಎರಡನೇ ಸೊಸೆ
+1. ಮೊದಲು ರೊಟ್ಟಿ ಹೊರಗಿನಿಂದ ತರಿಸಿ, ಆಮೇಲೆ ಒಲೆ ಎಷ್ಟು ಬೇಕೋ ಇಡಿ.

ರೊಟ್ಟಿಬುಟ್ಟಿ
ಎಲ್ಲಾರಿಗೂ ಸುದ್ದಿ ಹೇಳಬೇಕಂತ ಬಂದೆ. ಜಾನಕಿ ಅಮ್ಮಾರು ಹೇಳಿದಂಗ ಅತ್ತಿನ ಒಬ್ರ ಇದ್ದಾಗ ಕೇಳಿದೆ, ಕಾಳು ಹಸನು ಮಾಡ್ಕೋತ ಕೂತಿದ್ರು. ಭಾಳ ಹೊತ್ತು ಮಾತಾಡ್ಲಿಲ್ಲ. ಆಮ್ಯಾಲ "ಕೂಸಿನ ಹಾಲಿಗಂತ ಮೊದಲ ಅನ್ನಬಾರದಾ" ಅಂದ್ರು. ಮ್ಯಾಲ ಈಗ ಒಂದು ಸಣ್ಣ ಕರೆಂಟ್ ಒಲಿ ಬಂದೈತಿ. ಹಾಲು, ಚಾ, ಅಷ್ಟ. ರಾತ್ರಿ ಊಟ ಒಂಬತ್ತೂವರಿಗೆ ಅಂತ ಆಗೈತಿ, ಅಜ್ಜಿ ಮತ್ತ ಮಕ್ಕಳಿಗೆ ಮೊದಲ ಹಾಕ್ತೀವಿ. ಮಾವಗ ಇದು ಸರಿಬರ್ಲಿಲ್ಲ, ಒಂಬತ್ತಕ್ಕ ನಿದ್ದಿ ಹತ್ತತೈತಿ ಅವರಿಗೆ. ಒಬ್ರ ಉಂಡು ಮಲಗ್ತಾರ.

ರೊಟ್ಟಿ ಓಣಿ ತುದಿಯ ಒಬ್ಬ ಅಕ್ಕಾರ ಹತ್ರ ಹಚ್ಚೀವಿ, ಸಂಜಿಮುಂದ ಇಪ್ಪತ್ತೈದು. ರೊಕ್ಕ ಮೈದುನ, ನಮ್ಮನಿಯವರು ಅರ್ಧ ಅರ್ಧ.

ಮೀಟರ್ ಮಾತು ಅಲ್ಲೇ ಐತಿ. ಪೌತಿ ಖಾತೆ ಸಲುವಾಗಿ ಮಾವ ತಮ್ಮ ತಂಗಿಗೆ ಫೋನ್ ಹಚ್ಚಿದ್ರು. ಆಕಿ "ಬರ್ತೀನಿ, ಸಹಿ ಮಾತು ಆಮ್ಯಾಲ" ಅಂದಾಳಂತ. ಮುಂದಿನ ವಾರ ಬರ್ತಾಳ. ಅದು ಬ್ಯಾರೆ ಪುರಾಣ.

ಕಾನೂನು ಗುಮಾಸ್ತ
ಆ 'ಆಮ್ಯಾಲ'ದ ಅರ್ಥ ನನಗೆ ಗೊತ್ತು. ಹೋಳಿಗೆ ಮಾಡಿ.

ಚಾಮರಾಜಪೇಟೆ ಕಾಫಿ
ರೊಟ್ಟಿ ಒಂದಕ್ಕೆ ಎಷ್ಟಂತೆ?

ರೊಟ್ಟಿಬುಟ್ಟಿ
ಎಂಟು ರೂಪಾಯಿ. ಹಾಳಿಯಂಗ ತೆಳ್ಳಗ ಇರ್ತಾವ. ಅತ್ತಿ ಮಾತ್ರ ದಿನಾ ಒಂದು ಚೂರು ಮುರದು ಬಾಯಾಗ ಹಾಕ್ಕೊಂಡು, "ಹಿಟ್ಟು ಹಳೇದು" ಅಂತಾರ. ಅಂದು ಎರಡು ಉಣ್ತಾರ.